ಹಾಲುಣ್ಣುವ ಮಗುವಿರುವಾಗ ಮತ್ತೊಂದು ಮಗುವಿನ ಹಂಬಲ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಮೊದಲ ಮಗುವಿಗೆ ಒಂದೂವರೆ ವರ್ಷ. ಮನೆಯಿಡೀ ಓಡಾಡುತ್ತದೆ, ಗಂಜಿ ಉಣ್ಣುತ್ತದೆ, ನಾಲ್ಕು ಮಾತು ಕಲಿತಿದೆ. ಆದರೂ ನಿದ್ದೆ ಬಂದಾಗ, ಬಿದ್ದು ಅತ್ತಾಗ, ನಡುರಾತ್ರಿ ಎಚ್ಚರವಾದಾಗ ಅದಕ್ಕೆ ಅಮ್ಮನ ಎದೆಹಾಲೇ ಬೇಕು. ಇತ್ತ ತಂದೆತಾಯಿಗೆ ಎರಡನೆಯ ಮಗುವಿನ ಹಂಬಲ. ತಿಂಗಳುಗಳು ಕಳೆದರೂ ತಾಯಿಗೆ ಮುಟ್ಟು ಬಂದಿಲ್ಲ. ಬಂದಿದ್ದರೂ ಗರ್ಭ ನಿಂತಿಲ್ಲ. ಅಷ್ಟರಲ್ಲಿ ಸುತ್ತಲಿನವರ ಸಲಹೆಗಳು ಶುರುವಾಗುತ್ತವೆ: "ಇನ್ನೂ ಹಾಲು ಬಿಡಿಸಿಲ್ವಾ ಮಾರಾಯ್ತಿ? ಮತ್ತೆ ಎರಡನೆಯದು ಆಗುವುದು ಹೇಗೆ?"

ವಿವಾಹ ಸಿದ್ಧತಾ ಶಿಬಿರಗಳಲ್ಲಿ, ಕುಟುಂಬ ಭೇಟಿಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. ಕೇಳುವವರು ಹೆಚ್ಚಾಗಿ ತಾಯಂದಿರು, ಅದೂ ಸಂಕೋಚದಿಂದ. ಅವರ ಮನಸ್ಸಿನಲ್ಲಿ ಎರಡು ಭಯ ಒಟ್ಟಿಗೇ ಇರುತ್ತವೆ. ಹಾಲು ಬಿಡಿಸಿದರೆ ಈ ಮಗುವಿಗೆ ಅನ್ಯಾಯವಾದೀತೇ ಎಂಬುದು ಒಂದು. ಬಿಡಿಸದಿದ್ದರೆ ಬರಬೇಕಾದ ಮಗುವಿಗೆ ದಾರಿ ಮುಚ್ಚೀತೇ ಎಂಬುದು ಇನ್ನೊಂದು. ಈ ಎರಡೂ ಭಯಗಳಿಗೆ ವೈದ್ಯವಿಜ್ಞಾನ ಏನು ಹೇಳುತ್ತದೆ, ದಂಪತಿಗಳು ಏನು ಮಾಡಬಹುದು ಎಂಬುದನ್ನು ಒಂದೆಡೆ ಸಂಗ್ರಹಿಸಿ ಕೊಡುವುದು ಈ ಲೇಖನದ ಉದ್ದೇಶ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಬಳಿ ಹೋಗುವ ಮುನ್ನ ತಿಳಿದಿರಬೇಕಾದ ವಿಷಯಗಳ ಪರಿಚಯ ಮಾತ್ರ.

ದೇಹದೊಳಗೆ ನಡೆಯುವುದೇನು?

ಮಗು ಮೊಲೆ ಚೀಪಿದಾಗ ಆ ಸ್ಪರ್ಶದ ಸಂದೇಶ ನರಗಳ ಮೂಲಕ ತಾಯಿಯ ಮೆದುಳಿಗೆ ತಲಪುತ್ತದೆ. ಆಗ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಸ್ರವಿಸಿ ಹಾಲು ಉತ್ಪತ್ತಿಯಾಗುತ್ತದೆ. ಅದೇ ಹೊತ್ತಿಗೆ ಮೆದುಳಿನ ಹೈಪೋಥಲಾಮಸ್ ಭಾಗದಿಂದ ನಿಯಮಿತವಾಗಿ ಹೊರಡಬೇಕಾದ, ಅಂಡಾಶಯವನ್ನು ಎಚ್ಚರಿಸುವ ಸಂಕೇತಗಳು ಮಂದವಾಗುತ್ತವೆ. ಸಂಕೇತ ಸಿಗದ ಅಂಡಾಶಯದಲ್ಲಿ ಅಂಡಾಣು ಪಕ್ವವಾಗುವುದಿಲ್ಲ. ಅಂಡಾಣು ಬಿಡುಗಡೆಯಾಗದಿದ್ದರೆ ಮುಟ್ಟೂ ಇಲ್ಲ, ಗರ್ಭವೂ ಇಲ್ಲ.

ಇಲ್ಲಿ ಮುಖ್ಯವಾದದ್ದು ಹಾಲಿನ ಪ್ರಮಾಣಕ್ಕಿಂತ ಮಗು ಎಷ್ಟು ಸಲ, ಎಷ್ಟು ಅಂತರದಲ್ಲಿ ಚೀಪುತ್ತದೆ ಎಂಬುದು. ಆಫ್ರಿಕಾದ ಕಲಹಾರಿ ಮರುಭೂಮಿಯ ಕುಂಗ್ ಜನಾಂಗದ ತಾಯಂದಿರನ್ನು ಕುರಿತು 1980ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಆ ತಾಯಂದಿರು ಮಗುವನ್ನು ಸದಾ ಮೈಗಂಟಿಸಿಕೊಂಡೇ ಓಡಾಡುತ್ತಿದ್ದರು. ಮಗು ಗಂಟೆಗೆ ಹಲವು ಸಲ, ಒಂದೆರಡು ನಿಮಿಷಗಳಷ್ಟು ಕಾಲ ಹಾಲುಣ್ಣುತ್ತಿತ್ತು. ಯಾವ ಗರ್ಭನಿರೋಧಕವೂ ಇಲ್ಲದ ಆ ಸಮುದಾಯದಲ್ಲಿ ಒಂದು ಮಗುವಿಗೂ ಮುಂದಿನದಕ್ಕೂ ಸರಾಸರಿ ಸುಮಾರು 44 ತಿಂಗಳ ಅಂತರವಿತ್ತು.

ರಾತ್ರಿ ವೇಳೆ ಪ್ರೊಲ್ಯಾಕ್ಟಿನ್ ಮಟ್ಟ ಹಗಲಿಗಿಂತ ಹೆಚ್ಚಾಗಿರುತ್ತದೆ. ಆದ್ದರಿಂದ ರಾತ್ರಿಯ ಹಾಲುಣಿಕೆಗೆ ಅಂಡೋತ್ಪತ್ತಿಯನ್ನು ತಡೆಹಿಡಿಯುವ ಶಕ್ತಿ ಹೆಚ್ಚು. ಮಗು ರಾತ್ರಿಯಿಡೀ ನಿದ್ರಿಸತೊಡಗಿದ ಕೆಲವೇ ವಾರಗಳಲ್ಲಿ ಮುಟ್ಟು ಮರಳಿತು ಎಂದು ಅನೇಕ ತಾಯಂದಿರು ಹೇಳುವುದು ಈ ಕಾರಣಕ್ಕೆ.

ಆರು ತಿಂಗಳವರೆಗಿನ ನಿಯಮ ಮತ್ತು ಆ ಬಳಿಕ

1988ರಲ್ಲಿ ಇಟಲಿಯ ಬೆಲ್ಲಾಜಿಯೊ ಎಂಬಲ್ಲಿ ಸೇರಿದ್ದ ತಜ್ಞರು ಒಂದು ಒಮ್ಮತಕ್ಕೆ ಬಂದರು. ಮಗುವಿಗೆ ಆರು ತಿಂಗಳು ತುಂಬಿರಬಾರದು. ಅದು ಪೂರ್ಣವಾಗಿ ಅಥವಾ ಬಹುತೇಕ ಪೂರ್ಣವಾಗಿ ಎದೆಹಾಲನ್ನೇ ಅವಲಂಬಿಸಿರಬೇಕು. ತಾಯಿಗೆ ಮುಟ್ಟು ಮರಳಿರಬಾರದು. ಈ ಮೂರೂ ಷರತ್ತುಗಳು ಒಟ್ಟಿಗೆ ಇರುವಷ್ಟು ಕಾಲ ಗರ್ಭ ನಿಲ್ಲುವ ಸಾಧ್ಯತೆ ಶೇಕಡಾ 2ಕ್ಕಿಂತ ಕಡಿಮೆ. 1995ರಲ್ಲಿ ಅದೇ ಸ್ಥಳದಲ್ಲಿ ಮತ್ತೆ ಸೇರಿದ ತಜ್ಞರು ಇದನ್ನು ದೃಢಪಡಿಸಿದರು. ಹಗಲಲ್ಲಿ ನಾಲ್ಕು ಗಂಟೆ, ರಾತ್ರಿಯಲ್ಲಿ ಆರು ಗಂಟೆಗಿಂತ ಹೆಚ್ಚು ಅಂತರ ಬೀಳಬಾರದು ಎಂದೂ ಈ ವಿಧಾನವನ್ನು ಕಲಿಸುವವರು ಹೇಳುತ್ತಾರೆ.

ಇದೇ ನಿಯಮವನ್ನು ಮಗು ಬಯಸುವ ದಂಪತಿಗಳು ತಿರುಗಿಸಿ ಓದಬೇಕು. ಆರು ತಿಂಗಳ ಬಳಿಕ, ಮಗು ಗಂಜಿ, ಮಣ್ಣಿ, ಹಣ್ಣು ತಿನ್ನತೊಡಗಿದ ಮೇಲೆ, ಹಾಲುಣಿಕೆಯ ತಡೆ ಕ್ರಮೇಣ ಸಡಿಲವಾಗುತ್ತದೆ. ಒಂದು ವರ್ಷ ದಾಟಿದ ಮಗುವಿನ ಹಾಲುಣಿಕೆ ಎಷ್ಟೋ ತಾಯಂದಿರಲ್ಲಿ ಅಂಡೋತ್ಪತ್ತಿಯನ್ನು ತಡೆಯುವುದೇ ಇಲ್ಲ. ಹಾಲು ಕೊಡುತ್ತಲೇ ಬಸುರಾದ ಅಮ್ಮಂದಿರು, ಅಜ್ಜಿಯಂದಿರು ನಮ್ಮ ಕುಟುಂಬಗಳಲ್ಲಿ ಬೇಕಾದಷ್ಟಿದ್ದಾರೆ.

ಮುಟ್ಟು ಮರಳುವ ಕಾಲ ಮಾತ್ರ ಒಬ್ಬರಿಂದ ಒಬ್ಬರಿಗೆ ಬಹಳ ಭಿನ್ನ. ಕೆಲವರಿಗೆ ಮೂರನೆಯ ತಿಂಗಳಲ್ಲೇ ಮರಳಿದರೆ, ಇನ್ನು ಕೆಲವರಿಗೆ ದಿನಕ್ಕೆ ಎರಡೇ ಸಲ ಹಾಲು ಕೊಡುತ್ತಿದ್ದರೂ ಒಂದೂವರೆ-ಎರಡು ವರ್ಷ ಮರಳುವುದಿಲ್ಲ. ಎರಡೂ ಸಹಜ. ಅಕ್ಕನಿಗೆ ಹೀಗಾಯಿತು, ನಾದಿನಿಗೆ ಹಾಗಾಯಿತು ಎಂಬ ಹೋಲಿಕೆಯಿಂದ ಪ್ರಯೋಜನವಿಲ್ಲ.

ಮುಟ್ಟು ಮರಳುವ ಹಂತಗಳು

ಅಂಡಾಶಯದ ಕೆಲಸ ಒಂದೇ ದಿನದಲ್ಲಿ ಪೂರ್ಣವಾಗಿ ಮರಳುವುದಿಲ್ಲ. ಸಾಮಾನ್ಯವಾಗಿ ಈ ಹಂತಗಳನ್ನು ಗುರುತಿಸಬಹುದು:

1. ಮುಟ್ಟೂ ಇಲ್ಲ, ಅಂಡೋತ್ಪತ್ತಿಯೂ ಇಲ್ಲ. ಈಸ್ಟ್ರೋಜನ್ ಹಾರ್ಮೋನು ಕಡಿಮೆಯಿರುವುದರಿಂದ ಯೋನಿಯಲ್ಲಿ ಶುಷ್ಕತೆ ಇರುತ್ತದೆ. ದಾಂಪತ್ಯ ಸಂಬಂಧದಲ್ಲಿ ನೋವು, ನಿರಾಸಕ್ತಿ ಉಂಟಾಗಬಹುದು. ಇದು ಹೆಂಡತಿಯ ಪ್ರೀತಿಯ ಕೊರತೆಯಲ್ಲ, ಹಾರ್ಮೋನಿನ ಕೊರತೆ ಎಂಬುದನ್ನು ಗಂಡಂದಿರು ಅರಿಯಬೇಕು.

2. ಮುಟ್ಟು ಬಂದಿದೆ, ಆದರೆ ಅಂಡಾಣು ಬಿಡುಗಡೆಯಾಗಿಲ್ಲ. ಮೊದಲ ಒಂದೆರಡು ಸಲ ಹೀಗಾಗುವುದುಂಟು.

3. ಅಂಡಾಣು ಬಿಡುಗಡೆಯಾಗಿದೆ, ಆದರೆ ಅದರ ಮುಂದಿನ ಅವಧಿ ತೀರಾ ಚಿಕ್ಕದು. ಅಂಡೋತ್ಪತ್ತಿಯಿಂದ ಮುಂದಿನ ಮುಟ್ಟಿನವರೆಗೆ ಸಾಮಾನ್ಯವಾಗಿ 11ರಿಂದ 16 ದಿನಗಳಿರುತ್ತವೆ. ಈ ಅವಧಿಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಗರ್ಭಕೋಶದ ಒಳಪದರವನ್ನು ಸಿದ್ಧಗೊಳಿಸುತ್ತದೆ. ಹಾಲೂಡುವ ತಾಯಿಗೆ ಮೊದಲ ಕೆಲವು ಚಕ್ರಗಳಲ್ಲಿ ಈ ಅವಧಿ 10 ದಿನಕ್ಕಿಂತ ಕಡಿಮೆಯಿದ್ದು, ಫಲಿತ ಅಂಡ ನೆಲೆನಿಲ್ಲಲು ಸಮಯ ಸಾಲದೆ ಹೋಗಬಹುದು.

4. ಚಕ್ರ ಪೂರ್ಣ ಸಹಜ ಸ್ಥಿತಿಗೆ ಬಂದಿದೆ. ಈಗ ಹಾಲು ಕೊಡುತ್ತಿದ್ದರೂ ಗರ್ಭ ನಿಲ್ಲುವುದಕ್ಕೆ ಅದರಿಂದ ವಿಶೇಷ ಅಡ್ಡಿಯಿಲ್ಲ.

ಎಲ್ಲರೂ ಈ ನಾಲ್ಕೂ ಹಂತಗಳನ್ನು ಕ್ರಮವಾಗಿ ದಾಟುತ್ತಾರೆಂದಿಲ್ಲ. ಕೆಲವರಿಗೆ ಮೊದಲ ಮುಟ್ಟಿಗೆ ಮುಂಚೆಯೇ ಅಂಡೋತ್ಪತ್ತಿಯಾಗಿ, ಮುಟ್ಟು ಕಾಣದೆಯೇ ಗರ್ಭ ನಿಲ್ಲುತ್ತದೆ. ಆದ್ದರಿಂದ ಮುಟ್ಟು ಬಾರದ ತಾಯಿಗೆ ವಾಂತಿ, ಅತಿಯಾದ ಸುಸ್ತು, ಹಾಲೂಡುವಾಗ ಹೊಸದಾಗಿ ತೊಟ್ಟಿನ ನೋವು ಕಾಣಿಸಿಕೊಂಡರೆ ಮೂತ್ರ ಪರೀಕ್ಷೆ ಮಾಡಿಸಬೇಕು. ಹಾಲೂಡುವುದರಿಂದ ಈ ಪರೀಕ್ಷೆಯ ಫಲಿತಾಂಶ ತಪ್ಪಾಗುವುದಿಲ್ಲ.

ಗರ್ಭ ನಿಲ್ಲಬಹುದಾದ ದಿನಗಳನ್ನು ಗುರುತಿಸುವುದು

ಅಂಡಾಣು ಬಿಡುಗಡೆಯಾದ ಮೇಲೆ 12ರಿಂದ 24 ಗಂಟೆ ಮಾತ್ರ ಬದುಕಿರುತ್ತದೆ. ಪುರುಷನ ವೀರ್ಯಾಣುಗಳು ಅನುಕೂಲ ಸ್ಥಿತಿಯಲ್ಲಿ ಐದು ದಿನಗಳವರೆಗೆ ಉಳಿಯಬಲ್ಲವು. ಎಂದರೆ ಒಂದು ಚಕ್ರದಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಹೆಚ್ಚೆಂದರೆ ಆರು. ಚಕ್ರವೇ ಅನಿಯಮಿತವಾಗಿರುವ ತಾಯಿ ಕ್ಯಾಲೆಂಡರ್ ನೋಡಿ ದಿನ ಎಣಿಸಿದರೆ ಈ ಆರು ದಿನ ಸಿಗುವುದಿಲ್ಲ. ದೇಹ ತೋರಿಸುವ ಗುರುತುಗಳನ್ನು ನೋಡಬೇಕು.

ಇದಕ್ಕೆ ಹೆಚ್ಚು ಉಪಯುಕ್ತವಾದ ವಿಧಾನ ಆಸ್ಟ್ರೇಲಿಯದ ಮೆಲ್ಬರ್ನಿನ ವೈದ್ಯ ದಂಪತಿ ಜಾನ್ ಮತ್ತು ಎವಲಿನ್ ಬಿಲ್ಲಿಂಗ್ಸ್ ಅವರು ರೂಪಿಸಿದ ಬಿಲ್ಲಿಂಗ್ಸ್ ವಿಧಾನ. 1953ರಲ್ಲಿ ಆರಂಭವಾದ ಈ ಕೆಲಸದ ಆಧಾರ ಗರ್ಭಕಂಠದಿಂದ ಸ್ರವಿಸುವ ಲೋಳೆ. ಸಾಮಾನ್ಯ ದಿನಗಳಲ್ಲಿ ಒಣಗಿದಂತೆ ಅಥವಾ ಮಂದವಾಗಿ ಅಂಟಂಟಾಗಿ ಇರುವ ಸ್ರಾವ, ಅಂಡೋತ್ಪತ್ತಿ ಸಮೀಪಿಸಿದಂತೆ ತೆಳುವಾಗಿ, ಪಾರದರ್ಶಕವಾಗಿ, ಹಸಿ ಮೊಟ್ಟೆಯ ಬಿಳಿ ಭಾಗದಂತೆ ಎಳೆಯಾಗಿ ಹಿಗ್ಗುತ್ತದೆ. ನಡೆಯುವಾಗ ಜಾರುವ ಅನುಭವವಾಗುತ್ತದೆ. ಹೀಗೆ ಜಾರುವ ಅನುಭವವಿರುವ ಕೊನೆಯ ದಿನದ ಆಸುಪಾಸಿನಲ್ಲಿ ಅಂಡೋತ್ಪತ್ತಿಯಾಗುತ್ತದೆ. ಮಗು ಬಯಸುವವರು ಈ ದಿನಗಳನ್ನು ಬಳಸಿಕೊಳ್ಳಬೇಕು.

ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನವನ್ನು ಐದು ದೇಶಗಳಲ್ಲಿ ಪರೀಕ್ಷಿಸಿ 1981ರಲ್ಲಿ ವರದಿ ಪ್ರಕಟಿಸಿತು. ಆ ಐದು ಕೇಂದ್ರಗಳಲ್ಲಿ ನಮ್ಮ ಬೆಂಗಳೂರೂ ಒಂದು. ಭಾಗವಹಿಸಿದ 869 ಮಹಿಳೆಯರಲ್ಲಿ ಶೇಕಡಾ 93ರಷ್ಟು ಮಂದಿ ಮೊದಲ ಚಕ್ರದಲ್ಲೇ ಈ ಗುರುತುಗಳನ್ನು ಅರ್ಥವಾಗುವಂತೆ ದಾಖಲಿಸಿದ್ದರು. ಓದು ಬರಹ ಕಡಿಮೆಯಿರುವವರಿಗೂ ಇದು ಕಲಿಯಲು ಕಷ್ಟವಲ್ಲ.

ಹಾಲೂಡುವ ತಾಯಂದಿರು ಎರಡು ವಿಷಯ ಗಮನಿಸಬೇಕು. ಮೊದಲನೆಯದಾಗಿ, ಮುಟ್ಟು ಮರಳುವ ಮುನ್ನ ಲೋಳೆಸ್ರಾವ ಒಂದೆರಡು ದಿನ ಕಾಣಿಸಿಕೊಂಡು ಮಾಯವಾಗಿ, ಕೆಲವು ದಿನ ಬಿಟ್ಟು ಮತ್ತೆ ಕಾಣಿಸಿಕೊಳ್ಳಬಹುದು. ಅಂಡಾಶಯ ಎಚ್ಚರಗೊಳ್ಳಲು ಯತ್ನಿಸುತ್ತಿದೆ ಎಂಬುದರ ಸೂಚನೆಯಿದು. ನಿರಾಶರಾಗದೆ ದಾಖಲೆ ಮುಂದುವರಿಸಬೇಕು. ಎರಡನೆಯದಾಗಿ, ಬೆಳಿಗ್ಗೆ ಏಳುವ ಮುನ್ನ ಥರ್ಮಾಮೀಟರಿನಿಂದ ದೇಹದ ಉಷ್ಣತೆ ಅಳೆಯುವ ವಿಧಾನ ರಾತ್ರಿ ಮೂರು ಸಲ ಎದ್ದ ತಾಯಿಗೆ ಅಷ್ಟು ನಂಬಲರ್ಹವಲ್ಲ. ಮಗು ಚೆನ್ನಾಗಿ ಮಲಗುತ್ತಿದ್ದರೆ ಅದನ್ನೂ ಬಳಸಬಹುದು. ಅಂಡೋತ್ಪತ್ತಿಯ ಬಳಿಕ ಉಷ್ಣತೆ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿ ಮುಂದಿನ ಮುಟ್ಟಿನವರೆಗೆ ಹಾಗೇ ಉಳಿಯುತ್ತದೆ. ಏರಿದ ದಿನಗಳನ್ನು ಎಣಿಸಿದರೆ ಮೇಲೆ ಹೇಳಿದ ಅವಧಿ ಚಿಕ್ಕದೋ ಸಾಕಷ್ಟಿದೆಯೋ ತಿಳಿಯುತ್ತದೆ.

ಹಾಗಾದರೆ ಹಾಲು ಬಿಡಿಸಲೇಬೇಕೇ?

ಮುಟ್ಟು ನಿಯಮಿತವಾಗಿ ಬರುತ್ತಿದ್ದು, ಅಂಡೋತ್ಪತ್ತಿಯ ಗುರುತುಗಳು ಕಾಣುತ್ತಿದ್ದು, ಆ ಬಳಿಕದ ಅವಧಿ 11 ದಿನ ಅಥವಾ ಹೆಚ್ಚಿದ್ದರೆ ಹಾಲು ಬಿಡಿಸಬೇಕಾಗಿಲ್ಲ. ಗರ್ಭ ನಿಲ್ಲಲು ತಡವಾಗುತ್ತಿದ್ದರೆ ಕಾರಣ ಬೇರೆಲ್ಲೋ ಇರಬಹುದು. ಹಾಲಿನ ಮೇಲೆ ತಪ್ಪು ಹೊರಿಸಿ ಕುಳಿತರೆ ಆ ಕಾರಣ ಪತ್ತೆಯಾಗದೆ ಉಳಿಯುತ್ತದೆ.

ಮುಟ್ಟು ಇನ್ನೂ ಬಂದಿಲ್ಲ, ಅಥವಾ ಚಕ್ರಗಳು ಅಸ್ತವ್ಯಸ್ತವಾಗಿವೆ ಎಂದಾದರೆ ದಂಪತಿಗಳ ಮುಂದೆ ಮೂರು ದಾರಿಗಳಿವೆ. ಆತುರವಿಲ್ಲದವರು ಕಾಯಬಹುದು, ಮಗು ಬೆಳೆದಂತೆ ಹಾಲುಣಿಕೆ ತಾನಾಗಿ ಕಡಿಮೆಯಾಗುತ್ತದೆ. ಎರಡನೆಯದು, ಪೂರ್ತಿ ಬಿಡಿಸದೆ ಕಡಿಮೆ ಮಾಡುವುದು. ಮೂರನೆಯದು, ಪೂರ್ತಿ ಬಿಡಿಸುವುದು. ಹೆಚ್ಚಿನವರಿಗೆ ಎರಡನೆಯ ದಾರಿಯೇ ಸಾಕಾಗುತ್ತದೆ. ಆದರೂ ಕೆಲವೇ ಸಲ ಹಾಲುಣಿಸಿದರೂ ಅಂಡೋತ್ಪತ್ತಿ ತಡೆಹಿಡಿಯಲ್ಪಡುವ ತಾಯಂದಿರು ಇದ್ದಾರೆ. ಅವರಿಗೆ ಮೂರನೆಯ ದಾರಿ ಅನಿವಾರ್ಯವಾಗಬಹುದು.

ಕಡಿಮೆ ಮಾಡುವ ಕ್ರಮ ಹೀಗಿರಲಿ:

1. ಮಗುವಿಗೆ ಅಷ್ಟೇನೂ ಮುಖ್ಯವಲ್ಲದ ಹಗಲಿನ ಒಂದು ಹೊತ್ತಿನ ಹಾಲನ್ನು ಮೊದಲು ನಿಲ್ಲಿಸಿ. ಒಂದು ವಾರದಷ್ಟು ಕಾಲ ಬಿಟ್ಟು ಮತ್ತೊಂದು.

2. ಆ ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬುವ ತಿಂಡಿ, ಜೊತೆಗೆ ಆಟ, ಅಂಗಳದ ಓಡಾಟ ಇರಲಿ. ಮಗು ಹಸಿವಿಗಷ್ಟೇ ಅಲ್ಲ, ಬೇಸರಕ್ಕೂ ಹಾಲು ಕೇಳುತ್ತದೆ.

3. ಮುಂದೆ ನಡುರಾತ್ರಿಯ ಹಾಲು. ಇಲ್ಲಿ ತಂದೆಯ ಪಾತ್ರ ದೊಡ್ಡದು. ಮಗು ಎದ್ದಾಗ ಅಪ್ಪ ಎತ್ತಿಕೊಂಡು, ನೀರು ಕುಡಿಸಿ, ಬೆನ್ನು ತಟ್ಟಿ ಮಲಗಿಸಿದರೆ ಕೆಲವು ರಾತ್ರಿಗಳ ಅಳುವಿನ ಬಳಿಕ ಮಗು ಒಗ್ಗಿಕೊಳ್ಳುತ್ತದೆ. ರಾತ್ರಿ ಆರೇಳು ಗಂಟೆಗಳ ಬಿಡುವು ಸಿಕ್ಕಿದರೆ ಅನೇಕ ತಾಯಂದಿರಿಗೆ ಚಕ್ರ ಮರಳುತ್ತದೆ.

4. ಮಲಗುವ ಮುನ್ನದ ಹಾಲು ಮಗುವಿಗೆ ಅತ್ಯಂತ ಪ್ರಿಯವಾದದ್ದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಬಹುಶಃ ಅದನ್ನು ನಿಲ್ಲಿಸುವ ಅಗತ್ಯವೇ ಬಾರದು.

ತೊಟ್ಟಿಗೆ ಬೇವಿನ ರಸ ಹಚ್ಚುವುದು, ಮಗುವನ್ನು ಒಂದು ವಾರ ಅಜ್ಜಿಮನೆಗೆ ಕಳಿಸಿ ಒಮ್ಮೆಲೇ ಬಿಡಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿಗಳು. ಒಮ್ಮೆಲೇ ನಿಲ್ಲಿಸಿದರೆ ತಾಯಿಗೆ ಎದೆ ಕಟ್ಟಿಕೊಂಡು ಜ್ವರ, ಬಾವು ಬರಬಹುದು. ಮಗುವಿಗೆ ಹಾಲಿನ ಜೊತೆಗೆ ಅಮ್ಮನೂ ಇಲ್ಲವಾದಂತೆ ಆಗುತ್ತದೆ. ಹಾಲು ಬತ್ತಿಸುವ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗುವುದಂತೂ ಸಲ್ಲದು. ಇದಕ್ಕಾಗಿ ಬಳಸುತ್ತಿದ್ದ ಬ್ರೊಮೊಕ್ರಿಪ್ಟಿನ್ ಮಾತ್ರೆಗೆ ಹಾಲು ಬತ್ತಿಸುವ ಉದ್ದೇಶಕ್ಕೆ ಇದ್ದ ಅನುಮತಿಯನ್ನು ಅಡ್ಡಪರಿಣಾಮಗಳ ಕಾರಣ ಅಮೆರಿಕ 1994-95ರಲ್ಲೇ ಹಿಂತೆಗೆದುಕೊಂಡಿದೆ.

ಎರಡನೆಯ ವರ್ಷದಲ್ಲಿ ಎದೆಹಾಲಿನಲ್ಲಿ ಸತ್ವವಿಲ್ಲ ಎಂಬ ಮಾತೂ ನಿಜವಲ್ಲ. 12ರಿಂದ 24 ತಿಂಗಳ ಮಗುವಿಗೆ ಬೇಕಾದ ಶಕ್ತಿಯ ಮೂರನೆಯ ಒಂದು ಭಾಗವನ್ನು ಎದೆಹಾಲು ಒದಗಿಸಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ವರ್ಷ ಮತ್ತು ಅದರಾಚೆಗೂ ಹಾಲುಣಿಸಬಹುದು ಎಂಬುದು ಅದರ ಶಿಫಾರಸು.

ರಜೆಯಲ್ಲಿ ಬರುವ ಗಂಡ, ದಿನ ಎಣಿಸುವ ಹೆಂಡತಿ

ನಮ್ಮ ಕರಾವಳಿಯಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಗಂಡ ಕೊಲ್ಲಿ ರಾಷ್ಟ್ರದಲ್ಲಿ ಅಥವಾ ಹಡಗಿನಲ್ಲಿ ದುಡಿಯುತ್ತಿದ್ದಾನೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಒಂದು ತಿಂಗಳ ರಜೆಯಲ್ಲಿ ಬರುತ್ತಾನೆ. ಆ ಒಂದು ತಿಂಗಳಲ್ಲೇ ಗರ್ಭ ನಿಲ್ಲಬೇಕೆಂಬ ಒತ್ತಡದಲ್ಲಿ, ರಜೆಗೆ ಹದಿನೈದು ದಿನ ಇರುವಾಗ ಮಗುವಿಗೆ ಹಾಲು ಬಿಡಿಸುತ್ತಾರೆ. ಅಪ್ಪನ ಮುಖ ಪರಿಚಯವಿಲ್ಲದ ಮಗುವಿಗೆ ಹಾಲು ತಪ್ಪುವುದೂ, ಅಮ್ಮನ ಪಕ್ಕದ ಜಾಗ ತಪ್ಪುವುದೂ ಒಂದೇ ವಾರದಲ್ಲಿ ನಡೆಯುತ್ತದೆ.

ಹೀಗೆ ಮಾಡಿದರೂ ಉದ್ದೇಶ ಈಡೇರುವ ಭರವಸೆಯಿಲ್ಲ. ಹಾಲು ನಿಂತ ಮೇಲೆ ಅಂಡೋತ್ಪತ್ತಿ ಮರಳಲು ಹಲವು ವಾರಗಳು ಬೇಕು. ಚಕ್ರ ಸರಿಹೋಗಲು ಇನ್ನೂ ಕೆಲವು ತಿಂಗಳು ಬೇಕಾಗಬಹುದು. ಆದ್ದರಿಂದ ರಜೆಯ ದಿನಾಂಕ ಗೊತ್ತಿರುವವರು ನಾಲ್ಕೈದು ತಿಂಗಳು ಮುಂಚಿತವಾಗಿಯೇ ರಾತ್ರಿಯ ಹಾಲನ್ನು ನಿಧಾನವಾಗಿ ಕಡಿಮೆ ಮಾಡುತ್ತಾ, ಗುರುತುಗಳನ್ನು ದಾಖಲಿಸಿಕೊಳ್ಳುತ್ತಾ ಬರುವುದು ಒಳ್ಳೆಯದು. ಸಾಧ್ಯವಿದ್ದರೆ ತಾಯಿಯ ಚಕ್ರ ನೋಡಿಕೊಂಡು ರಜೆಯನ್ನು ಗೊತ್ತುಮಾಡಬಹುದು. ರಜೆ ಮುಗಿದು ಗರ್ಭ ನಿಲ್ಲದೆ ಹೋದರೆ ಅದು ಯಾರ ಸೋಲೂ ಅಲ್ಲ. ಆರೋಗ್ಯವಂತ ದಂಪತಿಗಳಿಗೂ ಒಂದೇ ತಿಂಗಳಲ್ಲಿ ಗರ್ಭ ನಿಲ್ಲದಿರುವ ಸಾಧ್ಯತೆಯೇ ಹೆಚ್ಚು.

ಎಷ್ಟು ಅಂತರ ಬೇಕು?

ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಪ್ರಯತ್ನಿಸುವ ಮೊದಲು ಕನಿಷ್ಠ 24 ತಿಂಗಳು ಕಾಯುವುದು ತಾಯಿಗೂ ಮಗುವಿಗೂ ಕ್ಷೇಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಕರೆದ ತಜ್ಞರ ಸಭೆ ಶಿಫಾರಸು ಮಾಡಿತು. ಗರ್ಭಪಾತವಾದವರಿಗೆ ಅದು ಹೇಳಿದ್ದು ಕನಿಷ್ಠ ಆರು ತಿಂಗಳು. ಸಿಸೇರಿಯನ್ ಹೆರಿಗೆಯಾದವರು ಇನ್ನೂ ಜಾಗ್ರತೆ ವಹಿಸಬೇಕು: ಎರಡು ಹೆರಿಗೆಗಳ ನಡುವೆ 18 ತಿಂಗಳಿಗಿಂತ ಕಡಿಮೆ ಅಂತರವಿದ್ದರೆ, ಸಹಜ ಹೆರಿಗೆಗೆ ಯತ್ನಿಸುವಾಗ ಹಳೆಯ ಹೊಲಿಗೆಯ ಜಾಗ ಬಿರಿಯುವ ಅಪಾಯ ಹೆಚ್ಚುತ್ತದೆ.

ತಾಯಿಗೆ 35 ದಾಟಿದ್ದರೆ ಲೆಕ್ಕ ಬೇರೆಯಾಗಬಹುದು. ಆ ವಯಸ್ಸಿನ ಬಳಿಕ ಗರ್ಭಧಾರಣೆಯ ಸಾಧ್ಯತೆ ವೇಗವಾಗಿ ಇಳಿಯುವುದರಿಂದ ಎಷ್ಟು ಕಾಯಬೇಕೆಂಬುದನ್ನು ವೈದ್ಯರೊಂದಿಗೆ ಮಾತನಾಡಿಯೇ ತೀರ್ಮಾನಿಸಬೇಕು.

ತಾಯಿಯ ಶರೀರದ ಸಿದ್ಧತೆ

ಗರ್ಭ, ಹೆರಿಗೆ, ಒಂದೆರಡು ವರ್ಷದ ಹಾಲೂಡಿಕೆ ತಾಯಿಯ ಶರೀರದ ಸಂಗ್ರಹವನ್ನು ಖರ್ಚು ಮಾಡಿರುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಮತ್ತೊಂದು ಗರ್ಭಕ್ಕೆ ಮುನ್ನ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಕಡಿಮೆಯಿದ್ದರೆ ಸರಿಪಡಿಸಿಕೊಳ್ಳಬೇಕು. ಮಗುವಿನ ಬೆನ್ನುಹುರಿಯ ದೋಷಗಳನ್ನು ತಡೆಯಲು ಫೋಲಿಕ್ ಆಮ್ಲದ ಮಾತ್ರೆ ದಿನಕ್ಕೆ 400 ಮೈಕ್ರೋಗ್ರಾಮ್‌ನಂತೆ, ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಆರಂಭಿಸಬೇಕು. ಹಾಲೂಡುವವರಿಗೆ ಇದರಿಂದ ತೊಂದರೆಯಿಲ್ಲ.

ಊಟದಲ್ಲಿ ಬೂತಾಯಿ, ಬಂಗುಡೆಯಂಥ ಮೀನು, ಮೊಟ್ಟೆ, ಬೇಳೆ, ಹೆಸರುಕಾಳು, ರಾಗಿ, ಹರಿವೆ, ಬಸಳೆ, ನುಗ್ಗೆಸೊಪ್ಪು ಇರಲಿ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಅಭ್ಯಾಸವನ್ನು ತಾಯಂದಿರು ಈ ಕಾಲದಲ್ಲಾದರೂ ಬಿಡಬೇಕು. ಬಿಡುವಂತೆ ಮನೆಯವರು ನೋಡಿಕೊಳ್ಳಬೇಕು.

ವೈದ್ಯರನ್ನು ಯಾವಾಗ ಕಾಣಬೇಕು?

ಮುಟ್ಟು ಮರಳಿದ ಮೇಲೆ 35ಕ್ಕಿಂತ ಕಡಿಮೆ ವಯಸ್ಸಿನವರು ಒಂದು ವರ್ಷ, 35 ದಾಟಿದವರು ಆರು ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೊದಲ ಮಗು ಸುಲಭವಾಗಿ ಆಯಿತು ಎಂಬುದು ಗಂಡ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲು ಕಾರಣವಲ್ಲ. ಹಾಲು ಪೂರ್ತಿ ನಿಲ್ಲಿಸಿ ಮೂರು ತಿಂಗಳಾದರೂ ಮುಟ್ಟು ಬಾರದಿದ್ದರೆ, ಅತಿಯಾದ ಸುಸ್ತು, ಕೂದಲು ಉದುರುವಿಕೆ, ತೂಕದಲ್ಲಿ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆ ಅಗತ್ಯ. ಹೆರಿಗೆಯ ಬಳಿಕ ಥೈರಾಯ್ಡ್ ತೊಂದರೆ ಅಪರೂಪವಲ್ಲ.

ಹಾಲೂಡುತ್ತಿರುವ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಹಾಲೂಡುವವರಲ್ಲಿ ಪ್ರೊಲ್ಯಾಕ್ಟಿನ್ ಹೆಚ್ಚಿರುವುದು ಸಹಜ. ಇದು ತಿಳಿಯದಿದ್ದರೆ ಪರೀಕ್ಷಾ ವರದಿಯನ್ನು ರೋಗವೆಂದು ಭಾವಿಸಬಹುದು. ಹಿಂದೆ ಗರ್ಭನಿರೋಧಕ ಚುಚ್ಚುಮದ್ದು ಪಡೆದಿದ್ದರೆ ಅದನ್ನೂ ತಿಳಿಸಬೇಕು, ಏಕೆಂದರೆ ಅದರ ಪರಿಣಾಮ ಹಲವು ತಿಂಗಳು ಉಳಿಯುತ್ತದೆ. ಅಂಡೋತ್ಪತ್ತಿಗೆ ಔಷಧಿ ಕೊಡುವ ಮುನ್ನ ಹಾಲು ಬಿಡಿಸುವಂತೆ ವೈದ್ಯರು ಹೇಳಿದರೆ ಕಾರಣ ಕೇಳಿ ತಿಳಿದುಕೊಳ್ಳಿ.

ಗರ್ಭ ನಿಂತ ಮೇಲೆ ಹಾಲು ಕೊಡಬಹುದೇ?

ಬಸುರಿಯ ಹಾಲು ವಿಷವಾಗುತ್ತದೆ, ಕುಡಿದ ಮಗು ಸೊರಗುತ್ತದೆ ಎಂಬ ನಂಬಿಕೆ ಇಂದಿಗೂ ಬಲವಾಗಿದೆ. ಇದಕ್ಕೆ ಆಧಾರವಿಲ್ಲ. ಆರೋಗ್ಯಕರ ಗರ್ಭದಲ್ಲಿ ಹಾಲೂಡುವುದರಿಂದ ಗರ್ಭಪಾತ ಹೆಚ್ಚುತ್ತದೆ ಎಂಬುದೂ ಸಾಬೀತಾಗಿಲ್ಲ. ಆದರೆ ಹಿಂದೆ ಅವಧಿಗೆ ಮುನ್ನ ಹೆರಿಗೆಯಾದವರು, ಪದೇ ಪದೇ ಗರ್ಭಪಾತವಾದವರು, ಈಗ ರಕ್ತಸ್ರಾವವಿರುವವರು, ಅವಳಿ ಮಕ್ಕಳನ್ನು ಹೊತ್ತವರು ವೈದ್ಯರ ಮಾತಿನಂತೆ ನಡೆಯಬೇಕು.

ಗರ್ಭದ ನಾಲ್ಕು-ಐದನೆಯ ತಿಂಗಳ ಹೊತ್ತಿಗೆ ಹಾಲು ಕಡಿಮೆಯಾಗಿ, ರುಚಿ ಬದಲಾಗುತ್ತದೆ. ಅನೇಕ ಮಕ್ಕಳು ಆಗ ತಾವಾಗಿಯೇ ಬಿಟ್ಟುಬಿಡುತ್ತಾರೆ. ಬಿಡದ ಮಗುವಿಗೂ ಹೊಸ ಕೂಸಿಗೂ ಒಟ್ಟಿಗೆ ಹಾಲೂಡುವ ತಾಯಂದಿರೂ ಇದ್ದಾರೆ. ಆಗ ಕೂಸಿಗೆ ಮೊದಲು ಕೊಡಬೇಕೆಂಬುದೇ ಮುಖ್ಯ ನಿಯಮ. ಹೊಟ್ಟೆಯಲ್ಲಿರುವ ಮಗು ಒಂದು ವರ್ಷ ತುಂಬದ ಅಣ್ಣನ ಅಥವಾ ಅಕ್ಕನ ಹಾಲನ್ನು ಕಡಿಮೆ ಮಾಡಿದರೆ ಆ ಮಗುವಿನ ತೂಕವನ್ನು ಗಮನಿಸಿ ಬೇರೆ ಹಾಲಿನ ವ್ಯವಸ್ಥೆ ಮಾಡಬೇಕು.

ತೀರ್ಮಾನ ಯಾರದು?

ಈ ಪ್ರಶ್ನೆ ಹೊಸತೇನಲ್ಲ. ಪವಿತ್ರ ಬೈಬಲಿನಲ್ಲಿ ಅಬ್ರಹಾಮನು ಇಸಾಕನ ಹಾಲು ಬಿಡಿಸಿದ ದಿನ ಔತಣ ಮಾಡಿಸಿದನೆಂದಿದೆ. ಹನ್ನಳು ಸಮುವೇಲನು ಹಾಲು ಬಿಡುವ ತನಕ ದೇವಾಲಯದ ಯಾತ್ರೆಗೂ ಹೋಗದೆ ಮನೆಯಲ್ಲೇ ಉಳಿದಳು. ಮಕ್ಕಬಿಯರ ಎರಡನೆಯ ಗ್ರಂಥದ ತಾಯಿ ತನ್ನ ಮಗನಿಗೆ ಮೂರು ವರ್ಷ ಹಾಲೂಡಿದ್ದನ್ನು ನೆನಪಿಸುತ್ತಾಳೆ. ಪ್ರವಾದಿ ಹೊಶೇಯನ ಹೆಂಡತಿ ಮಗಳಿಗೆ ಹಾಲು ಬಿಡಿಸಿದ ಮೇಲೆ ಮತ್ತೆ ಗರ್ಭಿಣಿಯಾದಳೆಂಬ ಉಲ್ಲೇಖವೂ ಇದೆ. ಹಾಲಿಗೂ ಮುಂದಿನ ಗರ್ಭಕ್ಕೂ ಇರುವ ನಂಟು ಆ ಕಾಲದ ತಾಯಂದಿರಿಗೂ ಗೊತ್ತಿದ್ದುದೇ.

ಮಕ್ಕಳ ವಿಷಯದಲ್ಲಿ ಅಂತಿಮ ತೀರ್ಮಾನವನ್ನು ದೇವರ ಮುಂದೆ ಸತಿಪತಿಗಳೇ ಕೈಗೊಳ್ಳಬೇಕು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟಪಡಿಸಿತು. ದೇಹದ ಸಹಜ ಚಕ್ರವನ್ನು ಅರಿತು ಮಕ್ಕಳ ನಡುವೆ ಅಂತರವಿಡಲು ಗಂಭೀರ ಕಾರಣಗಳಿರುವ ದಂಪತಿಗಳಿಗೆ 1968ರಲ್ಲಿ ಆರನೆಯ ಪೌಲ ಜಗದ್ಗುರುಗಳ ವಿಶ್ವಪತ್ರ ಅವಕಾಶ ನೀಡಿತು. ಅದೇ ಅರಿವು ಮಗುವನ್ನು ಬಯಸುವವರಿಗೂ ಉಪಯುಕ್ತ. ಅತ್ತೆ, ನೆರೆಯವರು, ಧರ್ಮಗುರುಗಳು ಸಲಹೆ ಕೊಡಬಹುದು. ತೀರ್ಮಾನ ಕೊಡುವ ಅಧಿಕಾರ ನಮಗಿಲ್ಲ.

ಎರಡನೆಯ ಮಗುವಿಗಾಗಿ ಕಾಯುತ್ತಿರುವವರ ನೋವನ್ನು "ಒಂದು ಇದೆಯಲ್ಲ, ಸಾಕು" ಎಂದು ಹಗುರವಾಗಿ ಕಾಣುವುದೂ ಸರಿಯಲ್ಲ. ಪ್ರತಿ ತಿಂಗಳ ನಿರೀಕ್ಷೆ, ಪ್ರತಿ ತಿಂಗಳ ನಿರಾಶೆ ಅವರಿಗೆ ನಿಜವಾದದ್ದು.

ಹಾಲುಣ್ಣುವ ಮಗು ಬರಬೇಕಾದ ಮಗುವಿನ ಎದುರಾಳಿಯಲ್ಲ. ಹೆಚ್ಚಿನ ಕುಟುಂಬಗಳಲ್ಲಿ ಒಂದಿಷ್ಟು ತಿಳುವಳಿಕೆ, ಒಂದಿಷ್ಟು ನಿಧಾನ, ಗಂಡನ ನೆರವು ಇದ್ದರೆ ಇಬ್ಬರಿಗೂ ಜಾಗವಾಗುತ್ತದೆ. ಬಿಡಿಸಲೇಬೇಕಾದ ಸಂದರ್ಭ ಬಂದರೆ, ಒಂದೂವರೆ ವರ್ಷ ಹಾಲೂಡಿದ ತಾಯಿ ತನ್ನ ಮಗುವಿಗೆ ಕೊಟ್ಟದ್ದು ಕಡಿಮೆಯೇನಲ್ಲ ಎಂಬ ಸಮಾಧಾನ ಅವಳಿಗಿರಲಿ. ಸಹಜ ವಿಧಾನಗಳನ್ನು ಕಲಿಯಬಯಸುವವರು ತಮ್ಮ ಧರ್ಮಕೇಂದ್ರದಲ್ಲಿ ವಿಚಾರಿಸಿ ತರಬೇತಿ ಪಡೆದ ಶಿಕ್ಷಕಿಯರನ್ನು ಕಾಣಬಹುದು. ರಕ್ತಪರೀಕ್ಷೆ, ಕಬ್ಬಿಣಾಂಶ ಹಾಗೂ ಫೋಲಿಕ್ ಆಮ್ಲದ ಮಾತ್ರೆಗಳಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಆಶಾ ಕಾರ್ಯಕರ್ತೆಯನ್ನೋ ಸಂಪರ್ಕಿಸಬಹುದು. ಮಗುವಿಗಾಗಿ ಹಂಬಲಿಸುತ್ತಿರುವ ಎಲ್ಲ ದಂಪತಿಗಳಿಗೂ ಆರೋಗ್ಯ, ತಾಳ್ಮೆ, ಸಮಾಧಾನ ದೊರೆಯಲಿ.